ಹಕ್ಕಿ ಕಾಯಲು ಇಬ್ಬರು

ನನ್ನ ಅಜ್ಜನ ಲೆಕ್ಕದ ಪುಸ್ತಕದಲ್ಲಿ ಹಕ್ಕಿಗಳ ಬಗ್ಗೆ ಇರುವುದು ಒಂದೇ ಬಗೆಯ ಸಾಲು: ‘ಹಕ್ಕಿ ಕಾಯಲು ಇಬ್ಬರು.’ ಕೆಲವು ವರ್ಷ ‘ಮೂವರು.’ ಅದರ ಮುಂದೆ ದಿನಗಳ ಲೆಕ್ಕ, ಕೊಟ್ಟ ಭತ್ತದ ಲೆಕ್ಕ. ಯಾವ ಹಕ್ಕಿ ಎಂದು ಅಜ್ಜ ಎಲ್ಲೂ ಬರೆದಿಲ್ಲ. ಅವನಿಗೆ ಅದು ಬೇಕಾಗಿರಲಿಲ್ಲ. ಕದಿರು ತಿನ್ನಲು ಬಂದದ್ದೆಲ್ಲ ಹಕ್ಕಿ, ಅದನ್ನು ಓಡಿಸಲು ಕೂತವರು ಆಳು. ಕುಮಟಾ ತಾಲೂಕಿನ ಅಘನಾಶಿನಿ ದಂಡೆಯ ಗಜನಿ ಗದ್ದೆಯ ಕತೆ ಅದು.

ನನ್ನ ಮೇಜಿನ ಮೇಲೆ ಇನ್ನೊಂದು ಪಟ್ಟಿಯೂ ಇದೆ. 1890ರ ದಶಕದಲ್ಲಿ ಉತ್ತರ ಕನ್ನಡದ ಕಲೆಕ್ಟರ್ ಆಗಿದ್ದ ಜೇಮ್ಸ್ ಡೇವಿಡ್‌ಸನ್, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ 1898ರಲ್ಲಿ ಎರಡು ಕಂತುಗಳಾಗಿ ಪ್ರಕಟಿಸಿದ ಉತ್ತರ ಕನ್ನಡದ ಹಕ್ಕಿಗಳ ವಿವರ. ಇಲ್ಲಿ ಪ್ರತಿ ಹಕ್ಕಿಗೂ ಲ್ಯಾಟಿನ್ ಹೆಸರಿದೆ. ಆದರೆ ಗದ್ದೆಯಲ್ಲಿ ಕೂತು ಕೂಗು ಹಾಕಿದ ಆ ಇಬ್ಬರಿಗೆ ಇಂಥ ಪಟ್ಟಿಯಲ್ಲಿ ಜಾಗವಿರುವುದಿಲ್ಲ. ಇದು ಡೇವಿಡ್‌ಸನ್ನನ ತಪ್ಪೇನಲ್ಲ. ಹಕ್ಕಿಯ ಪಟ್ಟಿ ಹಕ್ಕಿಯದೇ ಆಗಿರಬೇಕು. ಆದರೂ ವಸಾಹತು ಕಾಲದ ಕರಾವಳಿಯ ಉಪ್ಪು ಮತ್ತು ಗಜನಿಯ ಬಗ್ಗೆ ಪಿಎಚ್.ಡಿ. ಮಾಡುತ್ತಿರುವ ನನಗೆ, ಒಂದೇ ಜಿಲ್ಲೆಯ ಈ ಎರಡು ಬರಹಗಳು ಒಂದನ್ನೊಂದು ನೋಡದೆ ಇಷ್ಟು ವರ್ಷ ಹೇಗೆ ಇದ್ದವು ಎಂಬುದು ಕಾಡುತ್ತಿತ್ತು.

ಅಷ್ಟರಲ್ಲಿ ದೊಡ್ಡಪ್ಪನ ಫೋನ್ ಬಂತು.

“ದೀಪಾವಳಿ ಒಳಗೆ ಒಂದ್ಸಲ ಬಂದು ಹೋಗು ತಂಗಿ. ಗದ್ದೆ ಹಡ್ಲು ಬಿದ್ದು ನಾಕು ವರ್ಷ ಆಯ್ತು. ಸಿಗಡಿ ಮಾಡೂರು ಲೀಸಿಗೆ ಕೇಳ್ತಾ ಇದ್ರು. ನಿನ್ನ ಅಪ್ಪನ ಪಾಲಿಂದು ನಿಂದೇ ಸಹಿ ಬೇಕು.”

ಹಾಗಾಗಿ ಈ ಅಕ್ಟೋಬರಿನಲ್ಲಿ ಮೂರು ದಿನ ಭಟ್ಕಳದಿಂದ ಕುಮಟಾವರೆಗೆ ಹಕ್ಕಿ ನೋಡುತ್ತ ಹೋದದ್ದು ಬರೀ ತಿರುಗಾಟವಾಗಿರಲಿಲ್ಲ. ಜೊತೆಗೆ ಬಂದವಳು ಪ್ರಾಣಿಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿರುವ ಗೆಳತಿ. ದುರ್ಬೀನು ಅವಳದು, ಸ್ಕೂಟರ್ ನನ್ನದು. ಅವಳಿಗೆ ಉತ್ತರದಿಂದ ಬಂದಿಳಿಯುವ ವಲಸೆ ಹಕ್ಕಿಗಳನ್ನು ನೋಡುವ ಆಸೆ. ನನಗೆ ಸಹಿ ಹಾಕುವ ಮೊದಲು ಆ ಗದ್ದೆ ಏನೆಂದು ತಿಳಿದುಕೊಳ್ಳುವ ಅಗತ್ಯ.

*

ಮೊದಲ ಬೆಳಿಗ್ಗೆ ಭಟ್ಕಳದ ಬಂದರಿನಲ್ಲಿದ್ದೆವು. ಮೀನು ಇಳಿಸುವ ದೋಣಿಗಳ ಹಿಂದೆ ಕಡಲಕ್ಕಿಗಳ ಗುಂಪು, ದೋಣಿಯ ಚುಕ್ಕಾಣಿ ಕಂಬದ ಮೇಲೆ ಒಂದು ಗರುಡ. ವಿಜಯನಗರದ ಕಾಲದಲ್ಲಿ ಅರಬ್ಬಿ ಕುದುರೆಗಳು ಇಳಿಯುತ್ತಿದ್ದ ಬಂದರು ಇದು. ಈಗ ಬಂಗುಡೆ, ಬೂತಾಯಿ ಇಳಿಯುತ್ತವೆ. ಅಲ್ಲಿಂದ ಮುರ್ಡೇಶ್ವರಕ್ಕೆ ಬಂದು ದಂಡೆಯಲ್ಲಿ ನಿಂತರೆ, ಆಕಾಶ ತಿಳಿಯಾಗಿದ್ದರೆ, ದೂರದಲ್ಲಿ ನೇತ್ರಾಣಿ ಕಾಣುತ್ತದೆ. ಇಂಗ್ಲಿಷರು ಅದನ್ನು ‘ಪಿಜನ್ ಐಲ್ಯಾಂಡ್’ ಎಂದರು, ಪಾರಿವಾಳಗಳ ನಡುಗಡ್ಡೆ. ಆದರೆ ಆ ದ್ವೀಪದ ನಿಜವಾದ ಯಜಮಾನ ಬಿಳಿಹೊಟ್ಟೆಯ ಕಡಲ ಹದ್ದು. ಅಲ್ಲಿನ ಮರಗಳಲ್ಲಿ ಅದರ ಗೂಡುಗಳಿವೆ, ಗುಹೆಗಳಲ್ಲಿ ಜೊಲ್ಲಿನಿಂದ ಗೂಡು ಕಟ್ಟುವ ಪುಟ್ಟ ಸ್ವಿಫ್ಟ್‌ಲೆಟ್‌ಗಳಿವೆ. ಸುತ್ತಲಿನ ಮೀನುಗಾರರು, ಯಾವ ಧರ್ಮದವರೇ ಆಗಿರಲಿ, ದ್ವೀಪಕ್ಕೆ ಹರಕೆ ಹೊರುತ್ತಾರೆ. ಹರಕೆಗೆ ಬಿಟ್ಟ ಆಡುಗಳು ಅಲ್ಲೇ ಕಾಡು ಬಿದ್ದಿವೆ.

1875ರಲ್ಲಿ ಅಲನ್ ಆಕ್ಟೇವಿಯನ್ ಹ್ಯೂಮ್ ಸರ್ವೇ ಹಡಗೊಂದರಲ್ಲಿ ಈ ಪಶ್ಚಿಮ ಕರಾವಳಿ ಮತ್ತು ಲಕ್ಷದ್ವೀಪಗಳನ್ನು ಸುತ್ತಿ, ಕಂಡ ಹಕ್ಕಿಗಳ ವಿವರವನ್ನು ತನ್ನದೇ ಪತ್ರಿಕೆ ‘ಸ್ಟ್ರೇ ಫೆದರ್ಸ್’ನಲ್ಲಿ ಅಚ್ಚು ಹಾಕಿದ. ಹ್ಯೂಮ್ ಎಂದರೆ ನಮಗೆ 1885ರ ಕಾಂಗ್ರೆಸ್ ಸ್ಥಾಪನೆ ನೆನಪಾಗುತ್ತದೆ. ಹಕ್ಕಿ ನೋಡುವವರಿಗೆ ಅವನು ಭಾರತದ ಪಕ್ಷಿಶಾಸ್ತ್ರದ ಹಿರಿಯ. ನನಗೆ ಅವನ ಮೂರನೆಯ ಮುಖ ಮುಖ್ಯ. 1867ರಿಂದ 1870ರವರೆಗೆ ಅವನು ಒಳನಾಡು ಸುಂಕದ ಕಮಿಷನರ್. ಉಪ್ಪು ಸುಂಕ ತಪ್ಪಿಸಿ ಸಾಗದಂತೆ ಉತ್ತರ ಭಾರತದ ಉದ್ದಕ್ಕೂ ಬೆಳೆಸಿದ್ದ ಮುಳ್ಳುಬೇಲಿಯನ್ನು ನೋಡಿಕೊಳ್ಳುವುದು ಅವನ ಇಲಾಖೆಯ ಕೆಲಸ.

ಇದು ಹ್ಯೂಮ್ ಒಬ್ಬನದೇ ಕತೆಯಾಗಿದ್ದರೆ ಕಾಕತಾಳೀಯ ಎನ್ನಬಹುದಿತ್ತು. ಆದರೆ ನಮ್ಮ ಜಿಲ್ಲೆಯಲ್ಲೇ ಇನ್ನೊಬ್ಬನಿದ್ದಾನೆ. ಎಡ್ವರ್ಡ್ ಹ್ಯಾಮಿಲ್ಟನ್ ಏಟ್ಕನ್, ‘ಇಎಚ್‌ಎ’ ಎಂದು ಸಹಿ ಮಾಡುತ್ತಿದ್ದವನು. 1851ರಲ್ಲಿ ಸಾತಾರದಲ್ಲಿ ಮಿಷನರಿಯೊಬ್ಬರ ಮಗನಾಗಿ ಹುಟ್ಟಿ, 1876ರಲ್ಲಿ ಮುಂಬಯಿ ಸರ್ಕಾರದ ಸುಂಕ ಮತ್ತು ಉಪ್ಪಿನ ಇಲಾಖೆ ಸೇರಿದ. 1883ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಕಟ್ಟಿದ ಎಂಟು ಜನರಲ್ಲಿ ಒಬ್ಬ. ಉತ್ತರ ಕನ್ನಡ ಮತ್ತು ಗೋವಾ ಗಡಿಯಲ್ಲಿ ಕೆಲಸ ಮಾಡಿದ. 1894ರಲ್ಲಿ ಬಂದ ಅವನ ‘ಎ ನ್ಯಾಚುರಲಿಸ್ಟ್ ಆನ್ ದ ಪ್ರೌಲ್’ ಇಲ್ಲಿನ ಕಾಡಿನ ಪುಸ್ತಕ. ಗೋವಾ ಗಡಿಯ ಸುಂಕದ ಕಟ್ಟೆಗಳಲ್ಲಿ ಮಲೇರಿಯಾ ಯಾಕೆ ಇಷ್ಟು ಎಂದು ಹುಡುಕಲು 1902ರಲ್ಲಿ ಅವನನ್ನೇ ಕಳಿಸಿದರು. ಆಗ ಸಿಕ್ಕ ಒಂದು ಅನಾಫಿಲಿಸ್ ಸೊಳ್ಳೆಗೆ ಅವನ ಹೆಸರೇ ಇದೆ. ಬ್ರಿಟಿಷರು 1878ರ ಒಪ್ಪಂದದಿಂದ ಗೋವಾದ ಉಪ್ಪಿನ ಮೇಲೆ ಹಿಡಿತ ಸಾಧಿಸಿದ್ದರು. 1892ರಲ್ಲಿ ಒಪ್ಪಂದ ಮುರಿದ ಮೇಲೆ ಗಡಿ ಕಾಯುವ ಕೆಲಸ ಮತ್ತೆ ಬಿಗಿಯಾಯಿತು. ಗಡಿ ಕಾಯಬೇಕೆಂದರೆ ನಡೆಯಬೇಕು, ಹೊಳೆ ದಾಟಬೇಕು, ಬೆಳಿಗ್ಗೆ ಬೇಗ ಏಳಬೇಕು, ಪೊದೆಯಲ್ಲಿ ಏನು ಅಲುಗಿತೆಂದು ನೋಡಬೇಕು. ಹಕ್ಕಿ ನೋಡುವವರ ಅಭ್ಯಾಸಗಳೂ ಇವೇ.

ಈ ಕರಾವಳಿಯ ಹಕ್ಕಿಗಳ ಬಗ್ಗೆ ಅಚ್ಚಾದ ಮೊದಲ ತಿಳಿವಳಿಕೆಯ ದೊಡ್ಡ ಪಾಲು ಬಂದದ್ದು ಹೀಗೆ, ಸುಂಕದವರಿಂದ, ಕಲೆಕ್ಟರನಿಂದ, ಕಾಡಿನ ಸಾಹೇಬರಿಂದ. ಜನರ ಉಪ್ಪು, ಭತ್ತ, ಸೌದೆಯ ಮೇಲೆ ಕಣ್ಣಿಡುವುದು ಯಾರ ಕೆಲಸವಾಗಿತ್ತೋ ಅವರೇ ಬಿಡುವಿನಲ್ಲಿ ಹಕ್ಕಿಯ ಮೇಲೂ ಕಣ್ಣಿಟ್ಟರು. ಅವರ ಪ್ರೀತಿಯನ್ನು ನಾನು ಅನುಮಾನಿಸುವುದಿಲ್ಲ. ಏಟ್ಕನ್ ಬರೆದದ್ದನ್ನು ಓದಿದವರು ಯಾರೂ ಅನುಮಾನಿಸಲಾರರು. ಆದರೆ ಅವರ ಕಾಗದಗಳಲ್ಲಿ ಜನ ಒಂದು ಕಪಾಟಿಗೆ, ಹಕ್ಕಿ ಇನ್ನೊಂದು ಕಪಾಟಿಗೆ ಹೋದವು. ನಾವು ಇವತ್ತಿಗೂ ಆ ಎರಡು ಕಪಾಟುಗಳನ್ನು ಬೇರೆಬೇರೆಯಾಗಿಯೇ ತೆರೆಯುತ್ತೇವೆ.

*

ಭಟ್ಕಳದಿಂದ ಹೆದ್ದಾರಿಯಲ್ಲಿ ಉತ್ತರಕ್ಕೆ ನಲವತ್ತು ಕಿಲೋಮೀಟರಿನಷ್ಟು ಬಂದರೆ ಹೊನ್ನಾವರ. ರಾತ್ರಿ ಅಲ್ಲೇ ಉಳಿದು, ಎರಡನೆಯ ದಿನ ಬೆಳಗಾಗುವಷ್ಟರಲ್ಲಿ ಕಾಸರಕೋಡಿನ ಕಾಂಡ್ಲ ಕಾಡಿನ ಅಂಚಿನಲ್ಲಿದ್ದೆವು. ಶರಾವತಿ ಇಲ್ಲಿ ಅಗಲವಾಗಿ ಹರಡಿ ಸಮುದ್ರ ಸೇರುತ್ತಾಳೆ. ಇಳಿತಕ್ಕೆ ತೆರೆದುಕೊಂಡ ಕೆಸರಿನಲ್ಲಿ ಬೆಳ್ಳಕ್ಕಿಗಳು, ಕಂಬದ ಮೇಲೆ ಮಿಂಚುಳ್ಳಿ, ನೀರಂಚಿನಲ್ಲಿ ಬಾಲ ಕುಣಿಸುತ್ತ ಓಡುವ ಗದ್ದೆಗೊರವಗಳು. ಈ ಗೊರವಗಳು ಹಿಮಾಲಯದ ಆಚೆಯಿಂದ ಬಂದವು. ಆಗಸ್ಟ್‌ನಿಂದಲೇ ಇಳಿಯತೊಡಗಿ, ಬೇಸಗೆ ಬಲಿಯುವವರೆಗೆ ಇಲ್ಲೇ ಇರುತ್ತವೆ.

ಹೊನ್ನಾವರಕ್ಕೆ ಬಂದವರ ಪಟ್ಟಿ ಹಕ್ಕಿಗಳ ಪಟ್ಟಿಯಷ್ಟೇ ಉದ್ದ. ಹದಿನಾಲ್ಕನೆಯ ಶತಮಾನದಲ್ಲಿ ಬಂದ ಇಬ್ನ್ ಬತೂತ ಈ ಊರಿನಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳಿದ್ದವೆಂದು ಬರೆದ. ಹದಿನಾರನೆಯ ಶತಮಾನದ ಮೊದಲಲ್ಲಿ ಮಲಬಾರಿನ ದೋಣಿಗಳು ತೆಂಗು, ಎಣ್ಣೆ ತಂದು ಇಲ್ಲಿನ ಅಕ್ಕಿ ಒಯ್ಯುತ್ತಿದ್ದವೆಂದು ಪೋರ್ಚುಗೀಸ್ ದುವಾರ್ತೆ ಬರ್ಬೋಸ ಬರೆದ. ಆದರೆ ನಮ್ಮ ದಾರಿಗೆ ಹತ್ತಿರದವನು ಇಟಲಿಯ ಪಿಯೆತ್ರೊ ದೆಲ್ಲ ವಾಲೆ. ಅವನೂ ಬಂದದ್ದು ಇದೇ ಕಾಲದಲ್ಲಿ, 1623ರ ಅಕ್ಟೋಬರಿನಲ್ಲಿ. ಇಕ್ಕೇರಿಯ ವೆಂಕಟಪ್ಪ ನಾಯಕನಲ್ಲಿಗೆ ಹೊರಟಿದ್ದ ಪೋರ್ಚುಗೀಸ್ ರಾಯಭಾರಿಯ ಜೊತೆಗೆ ಹೊನ್ನಾವರದಿಂದ ದೋಣಿ ಹತ್ತಿ ಹೊಳೆಯ ಮೇಲ್ಮುಖವಾಗಿ ಗೇರುಸೊಪ್ಪೆಗೆ ಹೋದ, ಅಲ್ಲಿಂದ ಘಟ್ಟ ಹತ್ತಿದ. ತಾನು ಕಂಡ ಅತಿ ಚೆಲುವಾದ ಹೊಳೆಗಳಲ್ಲಿ ಇದೊಂದು ಎಂದ. ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿಯ ಗೇರುಸೊಪ್ಪೆ ಆಗಲೇ ಹಾಳುಬಿದ್ದು, ಅರಮನೆಯ ಮೇಲೆ ಗಿಡಮರ ಬೆಳೆದಿದ್ದವು.

ನಾವು ದೋಣಿಯ ಬದಲು ರಸ್ತೆ ಹಿಡಿದೆವು. ಗೇರುಸೊಪ್ಪೆಯ ಹತ್ತಿರ ಹೊಳೆ ದಾಟಿ ನಗರಬಸ್ತಿಕೇರಿಯ ಚತುರ್ಮುಖ ಬಸದಿಗೆ ಹೋದಾಗ ಮಧ್ಯಾಹ್ನ. ನಾಲ್ಕು ದಿಕ್ಕಿಗೂ ಬಾಗಿಲಿರುವ ಕಲ್ಲಿನ ಬಸದಿ, ಸುತ್ತ ಕಾಡು. ಒಳಗೆ ಬಾವಲಿ, ಹೊರಗೆ ಕಾಜಾಣ. ಬಿದ್ದ ಎಲೆಗಳ ಮೇಲೆ ಏನೋ ಸದ್ದಾಗಿ ನೋಡಿದರೆ ನವರಂಗ. ಉತ್ತರದಿಂದ ದಕ್ಷಿಣಕ್ಕೆ ಹೋಗುವ ದಾರಿಯಲ್ಲಿ ಈ ತಿಂಗಳು ಅದು ಇಲ್ಲಿ ತಂಗುತ್ತದೆ. ರಾಜಧಾನಿಯೊಂದು ಹಾಳಾದ ಜಾಗ ಹಕ್ಕಿಗೆ ಒಳ್ಳೆಯ ನೆರಳು. ಹಾಗೆಂದು ಹಾಳಾಗುವುದೇ ಹಕ್ಕಿಗೆ ಒಳ್ಳೆಯದು ಎನ್ನಲಾಗುವುದಿಲ್ಲ. ಅದು ಮರುದಿನ ಕುಮಟೆಯಲ್ಲಿ ಗೊತ್ತಾಯಿತು.

ದೆಲ್ಲ ವಾಲೆಯ ಪ್ರವಾಸದಲ್ಲಿ ನನಗೆ ಮರೆಯಲಾಗದ ಜಾಗ ಘಟ್ಟದ ಮೇಲಿನ ಒಂದು ಗುಡಿ. ಹೊರೆಗಳನ್ನು ಸರಿಮಾಡುವವರೆಗೆ ಅವನು ಗುಡಿಯ ಜಗಲಿಯಲ್ಲಿ ಕೂತು, ಹುಡುಗರು ಲೆಕ್ಕ ಕಲಿಯುವುದನ್ನು ನೋಡಿದ. ನೆಲಕ್ಕೆ ನುಣ್ಣನೆ ಮರಳು ಉದುರಿಸಿ, ಒಬ್ಬ ಹಾಡಿದಂತೆ ಹೇಳುತ್ತ ಬೆರಳಲ್ಲಿ ಬರೆದರೆ ಉಳಿದವರೂ ಹಾಗೇ ಹೇಳುತ್ತ ಬರೆಯುವುದು. ನೆಲ ತುಂಬಿದರೆ ಅಳಿಸಿ ಮತ್ತೆ ಮರಳು. ಪಾಠ ಹುಡುಗರಲ್ಲಿ ಉಳಿಯುತ್ತದೆ, ಮರಳಲ್ಲಿ ಉಳಿಯುವುದಿಲ್ಲ. ಕಾಗದಕ್ಕೆ ಹತ್ತಿದ್ದು ಬಂದು ಹೋದವನು ಬರೆದದ್ದು ಮಾತ್ರ. ನಮ್ಮ ಕರಾವಳಿಯ ಎಷ್ಟೋ ತಿಳಿವಳಿಕೆ ಇಂಥದೇ. ಯಾವ ಹುಣ್ಣಿಮೆಗೆ ಯಾವ ಮೀನು ಬರುತ್ತದೆ, ಯಾವ ಹಕ್ಕಿ ಕೂಗಿದರೆ ಮಳೆ ಹಿಂದೆಗೆಯಿತು, ಎಲ್ಲವೂ ಮರಳಿನ ಪಾಠ.

ಘಟ್ಟದ ತಿರುವುಗಳನ್ನು ಹತ್ತಿ ಸಂಜೆಯ ಹೊತ್ತಿಗೆ ಕತ್ತಲೆಕಾನಿನ ಕಡೆ ಬಂದೆವು. ಹಳ್ಳದ ಕಲ್ಲಿನಿಂದ ಕಲ್ಲಿಗೆ ಹಾರುತ್ತಿದ್ದ ಬೂದು ಕುಂಡೆಕುಸುಕ ಕೂಡ ಮಳೆಗಾಲದ ಕೊನೆಗೆ ಉತ್ತರದಿಂದ ಬಂದ ಅತಿಥಿ. ಮೇಲೆ ಮರಗಳ ತುದಿಯಲ್ಲಿ ರೆಕ್ಕೆಯ ಸದ್ದು ಕೇಳಿತು. ಆ ಸದ್ದು ಕೇಳಿದವರು ಮರೆಯುವುದಿಲ್ಲ, ಯಾರೋ ಉಸಿರು ಹಿಡಿದು ಹಿಡಿದು ಬಿಟ್ಟಂತೆ. ಎರಡು ದೊಡ್ಡ ಮಂಗಟ್ಟೆಗಳು ಕಣಿವೆ ದಾಟಿದವು.

1894ರಲ್ಲಿ ಕಾರವಾರದಿಂದ ಇಂಥದೇ ಒಂದು ಮಂಗಟ್ಟೆ ಮರಿಯನ್ನು ಮುಂಬಯಿಗೆ, ಸೊಸೈಟಿಯ ಕಚೇರಿಗೆ ಕಳಿಸಿಕೊಟ್ಟರು. ಅದಕ್ಕೆ ವಿಲಿಯಂ ಎಂದು ಹೆಸರಿಟ್ಟರು. 1920ರವರೆಗೆ ಅದು ಕಾರ್ಯದರ್ಶಿಯ ಕುರ್ಚಿಯ ಹಿಂದೆ ಬದುಕಿತು. ಇಂದಿಗೂ ಸೊಸೈಟಿಯ ಲಾಂಛನದಲ್ಲಿರುವುದು ಮಂಗಟ್ಟೆ. ಕೊಟ್ಟ ಸಾಹೇಬರ ಹೆಸರು ಸೊಸೈಟಿಯ ಚರಿತ್ರೆಯಲ್ಲಿದೆ. ಮಂಗಟ್ಟೆ ಗೂಡು ಮಾಡುವುದು ಎತ್ತರದ ಮರದ ಪೊಟರೆಯಲ್ಲಿ. ಹೆಣ್ಣು ಒಳಗೆ ಕೂತು ಬಾಯಿ ಮುಚ್ಚಿಕೊಳ್ಳುತ್ತದೆ, ಗಂಡು ತಿಂಗಳುಗಟ್ಟಲೆ ಹಣ್ಣು ತಂದು ಉಣಿಸುತ್ತದೆ. ಆ ಮರ ಯಾವುದು, ಯಾವಾಗ ಹತ್ತಬೇಕು ಎಂದು ತಿಳಿದವರು ಸಾಹೇಬರಲ್ಲ ಎಂದು ಹೇಳಲು ದಾಖಲೆ ಬೇಕಿಲ್ಲ.

ಈ ಕಾನುಗಳು ಉಳಿದದ್ದಕ್ಕೂ ಒಂದು ಚರಿತ್ರೆಯಿದೆ. ಟಿಪ್ಪುವಿನ ಪತನದ ನಂತರ, 1801ರಲ್ಲಿ, ಕಂಪನಿ ಸರ್ಕಾರದ ಪರವಾಗಿ ಫ್ರಾನ್ಸಿಸ್ ಬುಕಾನನ್ ಭಟ್ಕಳ, ಹೊನ್ನಾವರ, ಮಿರ್ಜಾನ, ಗೋಕರ್ಣದ ಮೂಲಕ ಉತ್ತರಕ್ಕೆ ಹೋದ. ಕಾಡುಗಳು ಊರ ದೇವರ ಆಸ್ತಿ, ಗೌಡನ ಒಪ್ಪಿಗೆಯಿಲ್ಲದೆ ಮರ ಕಡಿಯುವಂತಿಲ್ಲ ಎಂದು ಜನ ಹೇಳಿದ್ದನ್ನು ಅವನು ಬರೆದುಕೊಂಡ. ಜೊತೆಗೆ ತನ್ನ ಅಭಿಪ್ರಾಯವನ್ನೂ ಸೇರಿಸಿದ: ಇದು ಸರ್ಕಾರ ಕಾಡಿನ ಹಕ್ಕು ಕೇಳದಂತೆ ಮಾಡಿದ ಉಪಾಯ. ಮುಂದಿನ ಶತಮಾನದ ಅರಣ್ಯ ಕಾನೂನುಗಳು ಬುಕಾನನ್ನನ ಅನುಮಾನವನ್ನೇ ನೀತಿ ಮಾಡಿದವು, ದೇವರ ಕಾಡು ಸರ್ಕಾರದ ಕಾಡಾಯಿತು. ರಾಂಪತ್ರೆ ಜಡ್ಡಿಯ ಮರಗಳ ಮೇಲೆ ಇವತ್ತು ಮಂಗಟ್ಟೆ ಕೂರುತ್ತಿದೆಯೆಂದರೆ, ಯಾರದೋ ಭಯ, ಭಕ್ತಿ, ಲೆಕ್ಕಾಚಾರ ಆ ಮರಗಳನ್ನು ಕೆಲವು ಶತಮಾನ ನಿಲ್ಲಿಸಿತ್ತು. ನಾವು ‘ಕಾಡು’ ಎಂದು ನೋಡುವುದು ಬಹಳಷ್ಟು ಕಡೆ ಜನ ಕಾದದ್ದು.

*

ಮೂರನೆಯ ದಿನ ಘಟ್ಟ ಇಳಿದು, ಹೊನ್ನಾವರ ದಾಟಿ, ಕುಮಟಾ ಸೇರಿದೆವು. ಶರಾವತಿಯ ಅಳಿವೆಗೂ ಅಘನಾಶಿನಿಯ ಅಳಿವೆಗೂ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ದೂರ. ಸಮುದ್ರ ಒಂದೇ, ಘಟ್ಟ ಒಂದೇ, ಮಳೆ ಒಂದೇ. ಆದರೆ ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು. ವಿದ್ಯುದಾಗಾರಗಳಿಂದ ವರ್ಷವಿಡೀ ಸಿಹಿನೀರು ಇಳಿಯತೊಡಗಿ ಅಳಿವೆಯ ಉಪ್ಪು ಕಡಿಮೆಯಾಯಿತು. ಉಪ್ಪುನೀರು ಬೇಡುವ ಚಿಪ್ಪುಜೀವಿಗಳು ಅಲ್ಲಿ ಕ್ಷೀಣಿಸಿದವು. ಅಘನಾಶಿನಿಗೆ ಅಣೆಕಟ್ಟಿಲ್ಲ. ಸಿರಸಿಯ ಶಂಕರಹೊಂಡದಲ್ಲಿ ಹುಟ್ಟಿ ಉಂಚಳ್ಳಿಯಲ್ಲಿ ಧುಮುಕಿ ತದಡಿಯ ಹತ್ತಿರ ಸಮುದ್ರ ಸೇರುವವರೆಗೆ ಅವಳನ್ನು ತಡೆದವರಿಲ್ಲ.

ಬೆಳಗಿನ ಇಳಿತದಲ್ಲಿ ಕೆಸರುಬಯಲಿಗೆ ಇಳಿದಿದ್ದು ಹಕ್ಕಿಗಳಷ್ಟೇ ಅಲ್ಲ. ಸೀರೆ ಎತ್ತಿ ಕಟ್ಟಿ, ಸೊಂಟಕ್ಕೆ ಬುಟ್ಟಿ ಸಿಕ್ಕಿಸಿಕೊಂಡ ಹೆಂಗಸರು ಸಾಲಾಗಿ ಬಳಚು ಹೆಕ್ಕುತ್ತಿದ್ದರು. ಈ ಅಳಿವೆಯ ಚಿಪ್ಪು ಹೆಕ್ಕಿ ಬದುಕುವವರು 2000ಕ್ಕೂ ಹೆಚ್ಚು. ಅವರಿಂದ ಹತ್ತು ಮಾರು ದೂರದಲ್ಲಿ ಉದ್ದ ಬಾಗಿದ ಕೊಕ್ಕಿನ ಕರ್ಲ್ಯೂಗಳು ಅದೇ ಕೆಸರಿಗೆ ಕೊಕ್ಕು ಇಳಿಸುತ್ತಿದ್ದವು. ಗೆಳತಿ ದುರ್ಬೀನು ನೆಟ್ಟು ಎಣಿಸತೊಡಗಿದಳು. ಒಬ್ಬ ಅಜ್ಜಿ ಹತ್ತಿರ ಬಂದು ಕೇಳಿದಳು.

“ಎಂತ ನೋಡ್ತ್ರಿ ತಂಗಿ?”

“ಹಕ್ಕಿ, ಅಮ್ಮ. ಆ ಉದ್ದ ಕೊಕ್ಕಿಂದು.”

“ಅದಾ? ಅದು ಚೌತಿ ಮುಗೀತಿದ್ದಂಗೆ ಬತ್ತದೆ. ನಾವು ಕೂತಲ್ಲೇ ಬಂದು ಕೂರ್ತದೆ. ನಾವು ಕೆದಕಿದ್ದು ಅದ್ಕೆ ಸಸಾರ ಆಗ್ತದೆ.”

ಗೆಳತಿ ಎಣಿಕೆ ನಿಲ್ಲಿಸಿ ನನ್ನ ಮುಖ ನೋಡಿದಳು. ಬಂದ ಕಾಲ, ಕೂರುವ ಜಾಗ, ಕಾರಣ, ಮೂರೂ ಒಂದೇ ಮಾತಿನಲ್ಲಿದ್ದವು. ಇದನ್ನು ಅವಳು ತನ್ನ ಟಿಪ್ಪಣಿಯಲ್ಲಿ ಬರೆದುಕೊಂಡಳು. ‘ಪರೀಕ್ಷಿಸಬೇಕು’ ಎಂದು ಪಕ್ಕದಲ್ಲಿ ಗುರುತು ಹಾಕಿದಳು. ಅದು ಸರಿಯೇ. ಆದರೆ ಬರೆದುಕೊಂಡಳು.

ಅಘನಾಶಿನಿ ಅಳಿವೆಗೆ ರಾಮ್ಸಾರ್ ಮಾನ್ಯತೆ ಸಿಕ್ಕ ಸುದ್ದಿ ಬಂದದ್ದು 2024ರ ಜನವರಿ ಕೊನೆಗೆ. ಅಂಕಸಮುದ್ರ ಮತ್ತು ಮಾಗಡಿ ಕೆರೆಗಳ ಹೆಸರೂ ಜೊತೆಗಿತ್ತು. ಇಲ್ಲಿನ ವಿಸ್ತೀರ್ಣ 4801 ಹೆಕ್ಟೇರ್. ಒಂದು ಕಾಲಕ್ಕೆ ತದಡಿಯಲ್ಲಿ 4000 ಮೆಗಾವಾಟಿನ ಉಷ್ಣವಿದ್ಯುತ್ ಸ್ಥಾವರ ಬರುವುದಿತ್ತು. ಜನ ವಿರೋಧಿಸಿ ಅದು ನಿಂತಿತು. ಆ ಹೋರಾಟವಿಲ್ಲದಿದ್ದರೆ ಈ ಮಾನ್ಯತೆಯ ಮಾತೇ ಬರುತ್ತಿರಲಿಲ್ಲ. ಆದರೆ ಈ ಜೌಗನ್ನು ನಿಸರ್ಗ ಒಂದೇ ಮಾಡಿದ್ದಲ್ಲ. ಹೊಳೆಯ ಉದ್ದಕ್ಕೂ ಸಾಣಿಕಟ್ಟೆಯ ಉಪ್ಪಿನ ಆಗರಗಳಿವೆ, ಗಜನಿಗಳಿವೆ. ಎರಡೂ ಕಟ್ಟೆ ಕಟ್ಟಿ ಸಮುದ್ರವನ್ನು ಅಳೆದು ಒಳಗೆ ಬಿಟ್ಟುಕೊಂಡ ಜಾಗಗಳು.

ಗಜನಿಯ ಲೆಕ್ಕ ಸರಳ. ಮಳೆಗಾಲದಲ್ಲಿ ಕಟ್ಟೆಯ ಹಲಗೆ ಬಾಗಿಲು ಮುಚ್ಚಿ, ಮಳೆನೀರು ಉಪ್ಪು ತೊಳೆದ ಮೇಲೆ ಕಗ್ಗ ಭತ್ತ ಬಿತ್ತುವುದು. ಗೊಬ್ಬರವಿಲ್ಲ, ಔಷಧಿಯಿಲ್ಲ. ಕಗ್ಗ ನೆರೆಗೂ ಬಗ್ಗುವುದಿಲ್ಲ, ಉಪ್ಪಿಗೂ ಬಗ್ಗುವುದಿಲ್ಲ. ಅಕ್ಟೋಬರ್, ನವೆಂಬರಿನಲ್ಲಿ ಕದಿರು ಮಾತ್ರ ಕೊಯ್ದು ಹುಲ್ಲನ್ನು ಅಲ್ಲೇ ಬಿಡುತ್ತಾರೆ. ಆಮೇಲೆ ಬಾಗಿಲು ತೆರೆದರೆ ಉಬ್ಬರದ ಜೊತೆ ಸಿಗಡಿ, ಮೀನು ಒಳಗೆ ಬಂದು ಕೊಳೆಯುವ ಹುಲ್ಲಿನಲ್ಲಿ ಬೆಳೆಯುತ್ತವೆ. ನೀರು ಇಳಿದಾಗ ಬಯಲು ತೆರೆದುಕೊಳ್ಳುತ್ತದೆ. ವಲಸೆ ಹಕ್ಕಿಗಳು ಹಸಿದು ಬಂದಿಳಿಯುವುದೂ ಇದೇ ತಿಂಗಳುಗಳಲ್ಲಿ.

ಇದಕ್ಕೆ ಒಂದೇ ಷರತ್ತು: ಕಟ್ಟೆ ಒಬ್ಬರದಲ್ಲ. ಒಂದು ಕಡೆ ಒಡೆದರೆ ಎಲ್ಲರ ಗದ್ದೆಗೂ ಉಪ್ಪು. ಮುಂಬಯಿ ಸರ್ಕಾರ 1948ರಲ್ಲಿ ಖಾರ್‌ಲ್ಯಾಂಡ್ ಕಾಯಿದೆ ತಂದದ್ದು ಇಂಥ ಕಟ್ಟೆಗಳಿಗಾಗಿ. ಆದರೆ ವರ್ಷವರ್ಷದ ದುರಸ್ತಿ ಊರವರದೇ. ಹಳೆಯ ವ್ಯವಸ್ಥೆಯನ್ನು ಹೊಗಳುವಾಗ ಒಂದು ಮಾತು ಮರೆಯಬಾರದು. ನನ್ನ ಅಜ್ಜ ಬಹುಕಾಲ ಗೇಣಿದಾರ. ಕಟ್ಟೆಗೆ ಮಣ್ಣು ಹೊತ್ತವನು ಅವನು, ಅಂಗಳಕ್ಕೆ ಭತ್ತ ಬೀಳುತ್ತಿದ್ದುದು ಒಡೆಯರ ಮನೆಯಲ್ಲಿ. ದಿನಕರ ದೇಸಾಯಿಯವರು ಈ ಜಿಲ್ಲೆಯಲ್ಲಿ ರೈತರನ್ನು ಒಟ್ಟುಗೂಡಿಸಿ ಗಡಿಪಾರಾದದ್ದು, 1974ರ ಭೂಸುಧಾರಣೆ ತಿದ್ದುಪಡಿ ಬಂದದ್ದು, ಆಮೇಲೆ ಗದ್ದೆ ಅಜ್ಜನ ಹೆಸರಿಗಾದದ್ದು. ಹಕ್ಕಿ ಕಾಯಲು ಇಬ್ಬರನ್ನಿಟ್ಟು ಭತ್ತ ಕೊಟ್ಟ ಲೆಕ್ಕ ಶುರುವಾಗುವುದು ಅದರ ನಂತರವೇ. ಅದಕ್ಕೆ ಮೊದಲು ಹಕ್ಕಿ ಕಾದವರು ಅವನ ಮಕ್ಕಳು, ಎಂದರೆ ನನ್ನ ಅಪ್ಪ ಮತ್ತು ದೊಡ್ಡಪ್ಪ.

1990ರ ದಶಕದಲ್ಲಿ ಸಿಗಡಿಯ ಬೆಲೆ ಏರಿತು. ಗಜನಿಗಳು ಸಿಗಡಿ ಹೊಂಡಗಳಾದವು. ಬಿಳಿಚುಕ್ಕೆ ರೋಗ ಬಂದು ಹೊಂಡಗಳು ಖಾಲಿಯಾದವು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕರಾವಳಿಯ ಸಿಗಡಿ ಕೃಷಿಗೆ ಕಡಿವಾಣ ಹಾಕಿತು. ಸಾಂಪ್ರದಾಯಿಕ ಪದ್ಧತಿಗೆ ವಿನಾಯಿತಿಯಿತ್ತು. ಆದರೆ ಒಮ್ಮೆ ಭತ್ತ ಬಿಟ್ಟ ಗದ್ದೆಗೆ ಭತ್ತ ಮರಳುವುದು ಸುಲಭವಲ್ಲ. ಬೀಜ ಬೇಕು, ಆಳು ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಅಕ್ಕಪಕ್ಕದವರು ಬೇಕು. ಮಾಣಿಕಟ್ಟೆಯ ರೈತರು ಕಗ್ಗದ ಬೀಜ ಉಳಿಸಿಕೊಂಡಿದ್ದಾರೆ. ಎಲ್ಲ ಊರಿಗೂ ಅಂಥ ಅದೃಷ್ಟವಿಲ್ಲ.

*

ನಮ್ಮ ಗದ್ದೆಗೆ ಹೋದಾಗ ಹತ್ತು ಗಂಟೆ. ಒಂದೇ ಕಟ್ಟೆಯ ಒಳಗೆ ಎರಡು ಭಾಗ. ಹೊಳೆಗೆ ದೂರದ ಎತ್ತರದ ಭಾಗದಲ್ಲಿ ಮೂರು ಮನೆಯವರು ಈ ವರ್ಷವೂ ಕಗ್ಗ ಬಿತ್ತಿದ್ದರು, ಕೊಯ್ಲು ನಡೆದಿತ್ತು. ಕೊಯ್ದಲ್ಲಿ ಮೊಳಕಾಲು ನೀರು, ಅದರಲ್ಲಿ ಬೆಳ್ಳಕ್ಕಿ, ಗದ್ದೆಗೊರವ. ಕೊಯ್ಯದಲ್ಲಿ ರಾಟವಾಳಗಳ ಹಿಂಡು ಕದಿರಿಗೆ ಜೋತುಬಿದ್ದಿತ್ತು. ಒಬ್ಬ ಹುಡುಗ ತಗಡು ಬಡಿಯುತ್ತಿದ್ದ. ನಮ್ಮ ಭಾಗದಲ್ಲಿ ಜೊಂಡು ಎದೆಯೆತ್ತರ ಬೆಳೆದಿತ್ತು. ಅದರಿಂದ ಎರಡು ಜಂಬುಕೋಳಿ ಹೊರಬಂದು ಒಳಹೋದವು, ಅಷ್ಟೇ. ಗೆಳತಿ ಎರಡೂ ಕಡೆ ಎಣಿಸಿದಳು. “ಒಂದು ಬೆಳಗಿನ ಎಣಿಕೆಯಿಂದ ಏನೂ ಹೇಳೋಕಾಗಲ್ಲ” ಎಂದು ಎಚ್ಚರಿಸಿದಳು. ಆದರೆ ಹೇಳದೆಯೂ ಕಾಣುತ್ತಿತ್ತು.

ದೊಡ್ಡಪ್ಪ ಕಟ್ಟೆಯ ಮೇಲೆ ಕೂತು ಎಲೆ ಹಾಕಿಕೊಳ್ಳುತ್ತಿದ್ದ. ನಾನು ಮೂರು ದಿನ ಕೂಡಿಸಿದ್ದನ್ನೆಲ್ಲ ಹೇಳಿದೆ. ಡೇವಿಡ್‌ಸನ್ನನ ಪಟ್ಟಿ, ರಾಮ್ಸಾರ್, ಅಜ್ಜನ ಪುಸ್ತಕ, ಈ ಗದ್ದೆ ನಿಂತರೆ ಬರುವ ಹಕ್ಕಿ ಬೇರೆಯಾಗುತ್ತದೆ ಎಂಬುದು. ಅವನು ಪೂರ್ತಿ ಕೇಳಿದ.

“ನಾ ಸಣ್ಣವ್ನಿದ್ದಾಗ ಇಡೀ ತಿಂಗಳು ಇದೇ ಕಟ್ಟೆ ಮೇಲೆ ಕೂತು ಹಕ್ಕಿ ಓಡ್ಸಿದ್ದೆ. ಶಾಲೆ ಬಿಟ್ಟದ್ದೇ ಅದ್ಕೆ. ಈಗ ನೀನು ಹಕ್ಕಿ ಬರ್ಲಿ ಅಂತ ಗದ್ದೆ ಇಟ್ಕ ಅಂತೆ.”

ನನಗೆ ಮಾತು ಬರಲಿಲ್ಲ. ಅಜ್ಜನ ಪುಸ್ತಕದಲ್ಲಿ ಇಲ್ಲದ ಸಾಲು ಅದು. ಕೂಲಿ ಕೊಟ್ಟಿದ್ದರೆ ಬರೆದಿರುತ್ತಿದ್ದ, ಮಗನಿಗೆ ಕೂಲಿಯಿಲ್ಲ, ಹಾಗಾಗಿ ಬರೆದಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅವನೇ ಮುಂದುವರಿಸಿದ. “ಸಿಗಡಿಯವ್ರು ಬಂದ್ರೆ ಆ ಮೂರು ಮನೆಯವ್ರ ಭತ್ತಕ್ಕೂ ಉಪ್ಪು ಹೊಡೀತದೆ. ಅದು ನಂಗೂ ಗೊತ್ತು. ಅವ್ರೂ ಬಂದು ಹೇಳಿ ಹೋದ್ರು. ಹಕ್ಕಿ ನೋಡುಕೆ ನೀವೆಲ್ಲ ಬತ್ರಿ. ಕಟ್ಟೆ ಕಟ್ಟುಕೆ ಯಾರು ಬತ್ರು?”

ಇದು ನನ್ನ ಪ್ರಬಂಧದ ಪ್ರಶ್ನೆಯೂ ಹೌದು ಎಂದು ಅವನಿಗೆ ಹೇಳಲಿಲ್ಲ. ರಾಮ್ಸಾರ್ ನಕ್ಷೆಯಲ್ಲಿ ಗೆರೆ ಹಾಕಬಹುದು, ಹಲಗೆ ಬಾಗಿಲನ್ನು ಉಬ್ಬರಕ್ಕೆ ಸರಿಯಾಗಿ ತೆರೆದು ಮುಚ್ಚುವವರನ್ನು ನಕ್ಷೆ ತರುವುದಿಲ್ಲ. ಹಕ್ಕಿಯನ್ನು ಉಳಿಸುವ ಮಾತಾಡುವ ನಾವು, ಆ ಕೆಲಸವನ್ನು ಹಿಂದೆ ಯಾರು ಪುಕ್ಕಟೆ ಮಾಡಿದರು, ಮುಂದೆ ಯಾರಿಗೆ ಏನು ಕೊಟ್ಟು ಮಾಡಿಸುತ್ತೇವೆ ಎಂದು ಕೇಳದಿದ್ದರೆ, ಹ್ಯೂಮ್ ಮತ್ತು ಏಟ್ಕನ್ ಮಾಡಿದ ಎರಡು ಕಪಾಟುಗಳನ್ನೇ ಮುಂದುವರಿಸಿದಂತೆ.

ಸಹಿ ಹಾಕಲಿಲ್ಲ. ಒಂದು ವರ್ಷ ಕೇಳಿದೆ. ಕಟ್ಟೆ ದುರಸ್ತಿಯಲ್ಲಿ ಅಪ್ಪನ ಪಾಲಿಗೆ ಬರುವ ಖರ್ಚು ನನ್ನ ಫೆಲೋಶಿಪ್ ಹಣದಲ್ಲಿ ಕೊಡುತ್ತೇನೆ, ವೈಶಾಖದಲ್ಲಿ ಮಣ್ಣು ಹೊರಲು ನಾನೂ ಬರುತ್ತೇನೆ ಎಂದೆ. ಮಣ್ಣು ಹೊರುವ ಮಾತಿಗೆ ದೊಡ್ಡಪ್ಪ ನಕ್ಕ. ಒಂದು ವರ್ಷದ ಮಾತಿಗೆ ನಗಲಿಲ್ಲ. ಕಟ್ಟೆಯ ಒಳಗೆ ಒಟ್ಟು ಒಂಬತ್ತು ಮನೆ. ಬಿತ್ತುತ್ತಿರುವ ಮೂವರ ಜೊತೆ ಇನ್ನಿಬ್ಬರನ್ನು ಕೇಳಿ ನೋಡುತ್ತೇನೆ, ಐದಾದರೆ ಕಟ್ಟೆ ನಿಲ್ಲುತ್ತದೆ ಎಂದ. ಆಗದಿದ್ದರೆ ಮುಂದಿನ ದೀಪಾವಳಿಗೆ ಕಾಗದ ಇಲ್ಲೇ ಇರುತ್ತದೆ.

ಬರುವಾಗ ಅಜ್ಜನ ಪುಸ್ತಕ ಕೇಳಿ ತಂದೆ. ಗೆಳತಿಯ ಎಣಿಕೆಯ ಹಾಳೆಯಲ್ಲಿ ದಿನಾಂಕ, ಜಾಗ, ಹಕ್ಕಿ, ಸಂಖ್ಯೆ ಎಂದು ನಾಲ್ಕು ಅಂಕಣಗಳಿದ್ದವು. ರೈಲು ನಿಲ್ದಾಣದಲ್ಲಿ ಕಾಯುತ್ತಿದ್ದಾಗ ಅವಳು ಐದನೆಯದೊಂದು ಗೆರೆ ಎಳೆದು, ಮೇಲೆ ಏನು ಬರೆಯಲಿ ಎಂದು ಕೇಳಿದಳು. ‘ಅಲ್ಲಿ ಕೆಲಸ ಮಾಡುತ್ತಿದ್ದವರು’ ಎಂದೆ. ಅವಳು ಕಗ್ಗದ ಗದ್ದೆಯ ಸಾಲಿಗೆ ಬಂದು ಬರೆದಳು: ಕೊಯ್ಲು, ಏಳು ಜನ. ಹಕ್ಕಿ ಕಾಯಲು ಒಬ್ಬ ಹುಡುಗ.